ಯಾಟ್ ಕೊಂಡರೆ ಸಾಕಾ? ಸಾಕೋರು ಯಾರು?

ಇವತ್ತಿನ ವಿಷಯ ಯಾಟ್ ಮ್ಯಾನೇಜ್‌ಮೆಂಟ್. "ನಮಗ್ಯಾಕಪ್ಪ ಶ್ರೀಮಂತರ ವಿಹಾರ ನೌಕೆ" ಅಂತ ಮುಂದಿನ ಸಂಚಿಕೆಗೆ ಹೋಗಬೇಡಿ. ಕೊಳ್ಳೋರು ಶ್ರೀಮಂತರೇ, ಆದ್ರೆ ಅದರಲ್ಲಿ ದುಡಿಯೋರು ನಮ್ಮ ನಿಮ್ಮಂಥವರು.

ಒಂದು ನಿಜವಾದ ಕೇಸ್ ಹೇಳ್ತೀನಿ. ವಿವ್ ರಿಚರ್ಡ್ಸ್ ಅವರ ನಾಡು ಆಂಟಿಗುವಾ ಗೊತ್ತಲ್ಲ? ಅಲ್ಲಿನ ಫಾಲ್ಮತ್ ಬಂದರಿಗೆ 2022ರಲ್ಲಿ 'ಆಲ್ಫಾ ನೀರೋ' ಅನ್ನೋ ಯಾಟ್ ಬಂದು ನಿಂತಿತು. ಸುಮಾರು 80 ಮೀಟರ್ ಉದ್ದ, ಒಳಗೆ ಈಜುಕೊಳ. ಅಮೆರಿಕ ಸರ್ಕಾರ ರಷ್ಯಾದ ಒಬ್ಬ ಉದ್ಯಮಿಯ ಮೇಲೆ ನಿರ್ಬಂಧ ಹೇರಿ, ಈ ನೌಕೆಯನ್ನೂ ಅದಕ್ಕೆ ಸೇರಿಸಿತು. ಅಲ್ಲಿಗೆ ದುಡ್ಡು ಬರೋದು ನಿಂತುಹೋಯ್ತು.

ಮನೆಗಾದ್ರೆ ಬೀಗ ಹಾಕಿ ಹೋಗಬಹುದು. ಯಾಟ್‌ಗೆ ಆಗಲ್ಲ. ಜನರೇಟರ್ ಓಡ್ತಾ ಇರಬೇಕು. ಎಸಿ ನಿಂತರೆ ಒಳಗೆಲ್ಲ ಬೂಷ್ಟು. ಚಂಡಮಾರುತ ಬಂದರೆ ಪಕ್ಕದ ದೋಣಿಗಳಿಗೂ ಅಪಾಯ. ಕೊನೆಗೆ ಆ ಪುಟ್ಟ ದೇಶದ ಸರ್ಕಾರವೇ ವಾರಕ್ಕೆ ಸುಮಾರು 28,000 ಡಾಲರ್, ಅಂದ್ರೆ ಹತ್ತಿರ ಹತ್ತಿರ 23 ಲಕ್ಷ ರೂಪಾಯಿ, ಖರ್ಚು ಮಾಡಿ ಅದನ್ನು ನೋಡಿಕೊಳ್ಳಬೇಕಾಯ್ತು. 2023ರ ಹರಾಜಿನಲ್ಲಿ ಗೂಗಲ್‌ನ ಮಾಜಿ ಸಿಇಒ ಎರಿಕ್ ಶ್ಮಿಟ್ 6.76 ಕೋಟಿ ಡಾಲರ್ ಕೂಗಿದರು. ಮಾಲೀಕತ್ವದ ವ್ಯಾಜ್ಯ ಶುರುವಾಗಿ ಹಿಂದೆ ಸರಿದರು. 2024ರಲ್ಲಿ ಅದು ಮಾರಾಟವಾಗಿದ್ದು 4 ಕೋಟಿ ಡಾಲರ್‌ಗೆ.

ನಾನು ಬಿ.ಕಾಂ ಓದಿದವನು, ಹಾಗಾಗಿ ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ಈ ಉದ್ಯಮದಲ್ಲಿ ಒಂದು ಅಂದಾಜಿನ ಸೂತ್ರ ಇದೆ: ಯಾಟ್ ಬೆಲೆಯ ಶೇಕಡ 10ರಷ್ಟು ಪ್ರತಿ ವರ್ಷ ನಿರ್ವಹಣೆಗೇ ಬೇಕು. ಆನೆ ಸಾಕಿದ ಹಾಗೆ. ಆನೆ ಕೊಂಡವರಿಗೆ ಮಾವುತ ಬೇಕೇ ಬೇಕು. ಮೊನಾಕೊ, ಫ್ರಾನ್ಸಿನ ಆಂಟೀಬ್, ಅಮೆರಿಕದ ಫೋರ್ಟ್ ಲಾಡರ್‌ಡೇಲ್ ಕಡೆಯ ಮ್ಯಾನೇಜ್‌ಮೆಂಟ್ ಕಂಪನಿಗಳೇ ಆ ಮಾವುತರು. ವರ್ಷದ ಬಜೆಟ್ ಹಾಕೋದು, ಬಿಲ್ ಪರಿಶೀಲಿಸೋದು, ವಿಮೆ, ನೋಂದಣಿ, ಸರ್ವೆ, ಸಿಬ್ಬಂದಿ ನೇಮಕ, ಸಂಬಳ ಎಲ್ಲ ಇವರ ಕೆಲಸ. ಮಾಲೀಕ ಬಳಸದ ತಿಂಗಳಲ್ಲಿ ಚಾರ್ಟರ್‌ಗೆ, ಅಂದ್ರೆ ಬಾಡಿಗೆಗೆ, ಬಿಟ್ಟರೆ ಖರ್ಚಿನ ಒಂದಿಷ್ಟು ಪಾಲು ವಾಪಸ್ ಬರುತ್ತೆ.

ಇನ್ನು ಸುರಕ್ಷತೆ. 1987ರಲ್ಲಿ ಬೆಲ್ಜಿಯಂನ ಜೀಬ್ರುಗ್ ಬಂದರಿನಿಂದ ಹೊರಟ ಒಂದು ಫೆರ್ರಿ, ಮುಂದಿನ ಬಾಗಿಲು ಮುಚ್ಚದ ಕಾರಣ ಮಗುಚಿ 193 ಜನ ಸತ್ತರು. ತಪ್ಪು ಹಡಗಿನಲ್ಲಿದ್ದವರದ್ದು ಮಾತ್ರ ಅಲ್ಲ, ದಡದ ಆಫೀಸಿನದ್ದೂ ಹೌದು ಅಂತ ತನಿಖೆ ಹೇಳಿತು. ಅಂಥ ಪಾಠಗಳಿಂದ ಬಂದಿದ್ದೇ ಐಎಸ್‌ಎಂ ಕೋಡ್. ಬಾಡಿಗೆಗೆ ಓಡುವ, 500 ಗ್ರಾಸ್ ಟನೇಜ್ ಮತ್ತು ಅದಕ್ಕಿಂತ ದೊಡ್ಡ ಯಾಟ್‌ಗಳಿಗೆ ಇದು ಕಡ್ಡಾಯ. ಇದರ ಪ್ರಕಾರ ದಡದಲ್ಲಿ ಒಬ್ಬ ಹೊಣೆಗಾರ ಇರಬೇಕು, ಅವರಿಗೆ ಡಿಪಿಎ ಅಂತಾರೆ. ಏನಾದರೂ ಸರಿಯಿಲ್ಲ ಅನಿಸಿದರೆ ಯಾವ ಸಿಬ್ಬಂದಿಯಾದರೂ ಅವರಿಗೆ ನೇರವಾಗಿ ಹೇಳಬಹುದು.

ಈಗ ನಮ್ಮ ವಿಷಯ. 2024ರಲ್ಲಿ ಮಾಲೀಕರು ಹಡಗಿನಲ್ಲೇ ಕೈಬಿಟ್ಟ ನಾವಿಕರ ಪೈಕಿ ಭಾರತೀಯರೇ ಹೆಚ್ಚು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಒಕ್ಕೂಟ ಐಟಿಎಫ್ ಹೇಳಿದೆ. ಕಡಲ ಕಾರ್ಮಿಕರ ಒಪ್ಪಂದ ಎಂಎಲ್‌ಸಿ ಪ್ರಕಾರ, ಹೀಗೆ ಕೈಬಿಟ್ಟರೆ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳಕ್ಕೆ ಮತ್ತು ಊರಿಗೆ ಮರಳೋ ಖರ್ಚಿಗೆ ವಿಮೆಯಂಥ ಭದ್ರತೆ ಇರಬೇಕು. ಆದ್ರೆ ಬರೀ ಖಾಸಗಿ ಬಳಕೆಯ ಯಾಟ್‌ಗೆ ಈ ನಿಯಮ ಸಾಮಾನ್ಯವಾಗಿ ಅನ್ವಯ ಆಗಲ್ಲ.

ಹಾಗಾಗಿ ಮಂಗಳೂರು, ಉಡುಪಿ, ಕಾರವಾರ, ಎಲ್ಲಿಂದಲೇ ಆಗಲಿ, ಹೋಟೆಲ್ ಮ್ಯಾನೇಜ್‌ಮೆಂಟ್ ಅಥವಾ ಮರೈನ್ ಕೋರ್ಸ್ ಮುಗಿಸಿ ಯಾಟ್ ಕೆಲಸಕ್ಕೆ ಹೊರಟಿದ್ದರೆ ಸಹಿ ಹಾಕೋ ಮೊದಲು ನಾಲ್ಕು ಪ್ರಶ್ನೆ ಕೇಳಿ. ಕಾಂಟ್ರಾಕ್ಟ್‌ನಲ್ಲಿ ಉದ್ಯೋಗದಾತ ಅಂತ ಯಾರ ಹೆಸರಿದೆ? ಯಾಟ್ ಖಾಸಗಿಯೋ, ಚಾರ್ಟರೋ? ಮ್ಯಾನೇಜ್‌ಮೆಂಟ್ ಕಂಪನಿ ಯಾವುದು? ಡಿಪಿಎ ಫೋನ್ ನಂಬರ್ ಏನು? ಉತ್ತರ ತಡವರಿಸಿದರೆ, ಫೋಟೋದಲ್ಲಿ ಯಾಟ್ ಎಷ್ಟೇ ಥಳಥಳ ಅಂದರೂ ನಂಬಬೇಡಿ.

ಕಡಲಿಗೆ ಹೊರಟಿರೋ ಸ್ನೇಹಿತರಿದ್ದರೆ ಈ ಸಂಚಿಕೆ ಕಳಿಸಿ. ಮತ್ತೆ ಸಿಗೋಣ.