ಹಳೆಯ ಕಾರಿಗೆ ಅಂಕ ಕೊಡುವ ಬಗೆ
(ಭಾಷಣದ ಬರಹರೂಪ)



ಮಂಗಳೂರು–ಬಂಟ್ವಾಳ ದಾರಿಯಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿಯ ಬಸ್ಸು ಓಡಿದ್ದು 1914ರಲ್ಲಿ. ಎತ್ತಿನಗಾಡಿ ಮತ್ತು ನೇತ್ರಾವತಿಯ ದೋಣಿಗಳ ನಾಡಿಗೆ ಅದು ಹೊಸ ಕಾಲದ ಸದ್ದು. ದುಡಿದು ಸವೆದ ವಾಹನ ಗುಜರಿ ಸೇರುವುದು ಲೋಕರೂಢಿ. ಆ ರೂಢಿಯನ್ನು ಮೀರಿ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಹಳೆಯ ಕಾರುಗಳ ದೊಡ್ಡ ಸಂಗ್ರಹವೇ ಬೆಳೆಯಿತು. ಶ್ರೀರಂಗಪಟ್ಟಣದ ಬಳಿ ‘ಪಯಣ’ ಎಂಬ ಕಾರು ಸಂಗ್ರಹಾಲಯವೂ 2023ರಲ್ಲಿ ತೆರೆಯಿತು.

ಸಂಗ್ರಹಾಲಯದಲ್ಲಿ ಕಾರು ಸುಮ್ಮನೆ ನಿಲ್ಲುತ್ತದೆ. ಕ್ಲಬ್ಬುಗಳ ಪ್ರದರ್ಶನದಲ್ಲಾದರೋ ಅದು ಪರೀಕ್ಷೆಗೆ ಕೂರುತ್ತದೆ. ಭಾರತದಲ್ಲಿ ಇಂಥ ಕೂಟಗಳಿಗೆ ದೊಡ್ಡ ಹೆಸರು ತಂದದ್ದು 1964ರಲ್ಲಿ ದೆಹಲಿಯಲ್ಲಿ ಆರಂಭವಾದ ಸ್ಟೇಟ್ಸ್‌ಮನ್ ರ‍್ಯಾಲಿ. ತೀರ್ಪುಗಾರರು ಸಾಮಾನ್ಯವಾಗಿ ಪೂರ್ಣಾಂಕದಿಂದ ಆರಂಭಿಸಿ, ಕಂಡ ಕೊರತೆಗೆಲ್ಲ ಅಂಕ ಕಳೆಯುತ್ತ ಹೋಗುತ್ತಾರೆ. ಬಣ್ಣ, ಸೀಟಿನ ಹೊದಿಕೆ, ಬಾನೆಟ್ಟಿನ ಒಳಭಾಗ, ಚಾಸಿಯ ಅಡಿ, ದೀಪ, ಹಾರ್ನು, ದಾಖಲೆ ಪತ್ರ ಎಲ್ಲವನ್ನೂ ನೋಡುತ್ತಾರೆ. ಎಂಜಿನ್ ಚಾಲೂ ಮಾಡಿ ತೋರಿಸಲು ಹೇಳುವುದೂ ಉಂಟು.

ಥಳಥಳ ಹೊಳೆಯುವ ಕಾರೇ ಗೆಲ್ಲಬೇಕಲ್ಲವೇ ಎಂದು ಕೇಳಬಹುದು. ಗೆಲ್ಲಲೇಬೇಕೆಂದಿಲ್ಲ. ಕಾರ್ಖಾನೆಯಿಂದ ಬಂದಾಗ ಇಲ್ಲದಿದ್ದ ಹೊಳಪು, ಆ ಕಾಲದಲ್ಲಿ ಇಲ್ಲದ ಬಣ್ಣ, ಹೊಸ ಮಾದರಿಯ ಸ್ಕ್ರೂ ಇವೆಲ್ಲ ದೋಷಗಳೇ. ಮಾಸಿದರೂ ಮೂಲ ಬಣ್ಣ ಉಳಿಸಿಕೊಂಡ ಕಾರು ಅದರ ಮುಂದೆ ಎದೆಯೆತ್ತಿ ನಿಲ್ಲಬಹುದು.

ಇದನ್ನು ಅರಿಯಲು ಮೂಡುಬಿದಿರೆಯತ್ತ ನೋಡಿದರೆ ಸಾಕು. ಅಲ್ಲಿ ಉಳಿದುಬಂದ ಧವಲಾ ಗ್ರಂಥಗಳ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿವೆ. ಗರಿಯ ಅಂಚು ಮುರಿದು ಅಕ್ಷರ ಹೋಗಿದ್ದರೆ ಸಂಪಾದಕನು ತನಗೆ ತೋಚಿದ್ದನ್ನು ಮೂಲವೆಂದು ಬರೆಯುವಂತಿಲ್ಲ. ಊಹೆಯನ್ನು ಊಹೆಯೆಂದೇ ಗುರುತಿಸಬೇಕು. ಹಳೆಯ ಕಾರಿನ ದುರಸ್ತಿಗೂ ಇದೇ ಮರ್ಯಾದೆ. 1966ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸಂಸ್ಥೆ ಫೀವಾ 2012ರಲ್ಲಿ ಒಪ್ಪಿಕೊಂಡ ಟ್ಯೂರಿನ್ ಸನ್ನದಿನ ತಿರುಳೂ ಬಹುಮಟ್ಟಿಗೆ ಇದೇ: ಇರುವುದನ್ನು ಆದಷ್ಟು ಉಳಿಸಿ, ಬದಲಿಸಿದ್ದನ್ನು ದಾಖಲಿಸಿ.

ಎಂ.ಜಿ. ಟಿ.ಸಿ. ಎಂಬ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರನ್ನೇ ತೆಗೆದುಕೊಳ್ಳಿ. 1945ರಿಂದ 1949ರವರೆಗೆ ಸುಮಾರು 10,000 ತಯಾರಾದವು. ಇಬ್ಬರು ಕೂರುವ ಕಾರು, 1250 ಸಿ.ಸಿ. ಎಂಜಿನ್, ತಂತಿಕಡ್ಡಿಗಳ ದೊಡ್ಡ ಚಕ್ರ. ಹೊರಗೆ ಉಕ್ಕಿನ ತಗಡು, ಒಳಗೆ ಆಶ್ ಮರದ ಚೌಕಟ್ಟು. ಕರಾವಳಿಯ ಮಳೆಗಾಲದಲ್ಲಿ ತಗಡಿಗೆ ತುಕ್ಕು, ಮರಕ್ಕೆ ಗೆದ್ದಲು. ಊರಿನ ಆಚಾರಿ ಹಲಸಿನ ಹಲಗೆಯಿಂದ ಒಳ್ಳೆಯ ಚೌಕಟ್ಟನ್ನೇ ಮಾಡಿಕೊಡಬಲ್ಲರು. ತಗಡು ಮುಚ್ಚಿದ ಮೇಲೆ ಅದು ಕಣ್ಣಿಗೆ ಬೀಳದು. ಹೇಳದೆ ಬಿಟ್ಟರೆ ಅಂಕ ಉಳಿದೀತು. ಆದರೆ ಮುಂದೆ ಆ ಕಾರನ್ನು ಅಳೆದು ಕಲಿಯುವವನಿಗೆ ಸುಳ್ಳು ಸಾಕ್ಷಿ ಸಿಕ್ಕಂತಾಯಿತು. ಅದೇ ಎಂಜಿನ್ನಿನ ಬೋಲ್ಟುಗಳಿಗೆ ಮೆಟ್ರಿಕ್ ಮರೆ, ತಲೆ ಮಾತ್ರ ಬ್ರಿಟಿಷ್ ವಿಟ್‌ವರ್ತ್ ಅಳತೆಯದು. ಅರಿಯದ ಕೈ ಸಿಕ್ಕಿದ ಬೋಲ್ಟು ತುರುಕಿದರೆ ಮರೆಯೇ ಹಾಳು. ಮೂಲ ಬೋಲ್ಟಿಗೆ ಅಂಕವಿರುವುದು ಬರಿಯ ಶೋಕಿಯಲ್ಲವೆಂಬುದು ಆಗ ತಿಳಿಯುತ್ತದೆ.

ಕಾನೂನೂ ಈಗ ಈ ದಿಕ್ಕಿಗೆ ಬಂದಿದೆ. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಕ್ಕೆ ‘ವಿಎ’ ಅಕ್ಷರಗಳ ವಿಶೇಷ ಸಂಖ್ಯೆ ದೊರೆಯುತ್ತದೆ. ಹೊಸ ನೋಂದಣಿಗೆ ನಿಗದಿಯಾದ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಹಾಗೆ ನೋಂದಾಯಿಸಿದ ವಾಹನದಲ್ಲಿ ದಿನವೂ ಪೇಟೆಗೆ ಹೋಗುವಂತಿಲ್ಲ, ಬಾಡಿಗೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇಷ್ಟಕ್ಕೇ ರಸ್ತೆ. ಓಡದೆ ನಿಂತ ಎಂಜಿನ್ ಹಿಡಿದುಕೊಳ್ಳುತ್ತದೆ, ರಬ್ಬರು ಬಿರಿಯುತ್ತದೆ. ಹೀಗಾಗಿ ಪ್ರದರ್ಶನವೆಂಬುದು ಇಂಥ ಕಾರಿಗೆ ಉಸಿರಾಡಲು ಸಿಗುವ ಅವಕಾಶವೂ ಹೌದು.

ಮೊದಲ ಸಲ ಕಾರು ಹೂಡುವವರು ಪಾಲಿಶ್ ಡಬ್ಬಿಗಿಂತ ಮೊದಲು ಕಡತ ಸಿದ್ಧಪಡಿಸುವುದು ಲೇಸು. ಹಳೆಯ ಆರ್.ಸಿ. ಪುಸ್ತಕ, ಚಾಸಿ ಮತ್ತು ಎಂಜಿನ್ ಸಂಖ್ಯೆ, ಬಿಚ್ಚುವ ಮೊದಲು ತೆಗೆದ ಚಿತ್ರಗಳು, ಬದಲಿಸಿದ ಭಾಗಗಳ ಪಟ್ಟಿ ಅದರಲ್ಲಿರಲಿ. ತೆಗೆದ ಹಳೆಯ ತುಂಡನ್ನೂ ಎಸೆಯದೆ ಇಡಲಿ. ಚೌಕಟ್ಟು ಕೂರಿಸಿದ ಆಚಾರಿಯ, ಟಿಂಕರಿಂಗ್ ಮಾಡಿದವರ ಹೆಸರೂ ಪಟ್ಟಿಯಲ್ಲಿ ಸೇರಲಿ. ಬಹುಮಾನದ ಫಲಕ ಒಂದು ವರ್ಷದ್ದು. ಕೆಲಸ ಬಲ್ಲ ಕೈ ಯಾವುದೆಂಬ ನೆನಪು ಅಳಿದರೆ, ಮುಂದಿನ ಸಲ ಕಾರು ಕೆಟ್ಟಾಗ ದಾರಿ ತೋರಿಸುವವರೇ ಇರುವುದಿಲ್ಲ.