ಬಲ ಹುಟ್ಟುವುದು ಕಾಲಿನಲ್ಲಿ



ಕ್ರೀಡಾಕೂಟ ಹತ್ತಿರ ಬಂತೆಂದರೆ ಚಾಮರಾಜನಗರ, ಗುಂಡ್ಲುಪೇಟೆಯ ಶಾಲಾ ಮಕ್ಕಳೂ ಜಾವೆಲಿನ್ ಹಿಡಿದು ನಿಲ್ಲುತ್ತಾರೆ. ಸುತ್ತಲಿಂದ ಕೇಳುವುದು ಒಂದೇ ಕೂಗು: 'ಜೋರಾಗಿ ಎಸಿ!' ಮಗು ಇದ್ದಬದ್ದ ಬಲವನ್ನೆಲ್ಲ ತೋಳಿಗೆ ಹಾಕುತ್ತದೆ. ಜಾವೆಲಿನ್ ಅಡ್ಡಡ್ಡ ಹೋಗಿ ಬೀಳುತ್ತದೆ, ಮೊಣಕೈ ನೋಯುತ್ತದೆ.

ಆದರೆ ಎಸೆತದ ಬಲ ಹುಟ್ಟುವುದು ಕಾಲಿನಲ್ಲಿ. ಓಡಿ ಬಂದು ಮುಂಗಾಲನ್ನು ಗಟ್ಟಿಯಾಗಿ ಊರಿದಾಗ ಓಟದ ವೇಗ ಸೊಂಟಕ್ಕೆ, ಎದೆಗೆ, ಭುಜಕ್ಕೆ, ಮೊಣಕೈಗೆ, ಕೊನೆಗೆ ಬೆರಳತುದಿಗೆ ಏರುತ್ತದೆ. ಸೊಂಟ ತಿರುಗುವ ಮೊದಲೇ ತೋಳು ಆತುರಪಟ್ಟರೆ ಭಾರವೆಲ್ಲ ಭುಜ, ಮೊಣಕೈಗಳ ಮೇಲೆ ಬೀಳುತ್ತದೆ. ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವ ಪಿಚರ್‌ಗೂ ತರಬೇತುದಾರರು ಕಲಿಸುವುದು ಈ ಕ್ರಮವನ್ನೇ.

ಈ ಕ್ರಮ ಕಲಿಸಲು ಒಳ್ಳೆಯ ಗುರು ಬೇಕು. ಶಿರಸಿ ಸೀಮೆಯ ಕಾಶಿನಾಥ್ ನಾಯ್ಕ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಜಾವೆಲಿನ್ ಎಸೆದು ಕಂಚು ಗೆದ್ದರು. ಆಮೇಲೆ ತರಬೇತುದಾರರಾಗಿ ಎಳೆಯರನ್ನು ತಿದ್ದಲು ನಿಂತರು. ಗೆದ್ದ ವಿದ್ಯೆಯನ್ನು ಹಂಚುವುದು ಪದಕಕ್ಕಿಂತ ಕಡಿಮೆಯ ಸಾಧನೆಯೇನಲ್ಲ.

ಒಳ್ಳೆಯ ಗುರು ಮೊದಲ ದಿನವೇ ಟೇಪು ಹಿಡಿದು ದೂರ ಅಳೆಯುವುದಿಲ್ಲ. ಮೊದಲು ನಿಂತಲ್ಲಿಂದ ಎಸೆತ, ಆಮೇಲೆ ಮೂರು ಹೆಜ್ಜೆ, ಆಮೇಲೆ ಓಟ. ಒಂದು ಸಲಕ್ಕೆ ಒಂದೇ ತಪ್ಪು ತಿದ್ದುತ್ತಾರೆ. ತೋಳು ದಣಿದರೆ ಅಂದಿಗೆ ಅಭ್ಯಾಸ ಮುಗಿಯಿತು.

ಓದಿಗೂ ಬದುಕಿಗೂ ಈ ಮಾತು ಸಲ್ಲುತ್ತದೆ. ಬುಡ ಗಟ್ಟಿಯಾಗದೆ ತುದಿಗೆ ಬಲ ಬಾರದು. ದೈಹಿಕ ಶಿಕ್ಷಕರೇ, ಹೆತ್ತವರೇ, ಮಕ್ಕಳಿಗೆ 'ಜೋರಾಗಿ' ಎನ್ನುವ ಮೊದಲು 'ಸರಿಯಾಗಿ' ಎನ್ನೋಣ. ದೂರ ತಾನಾಗಿ ಬರುತ್ತದೆ.