ಮೋಟಾರ್ ನ್ಯೂರಾನ್ ರೋಗಿಗಳ ನೋವು ಶಮನ: ಗ್ರಾಮ ಪಂಚಾಯತಿಯ ಹೊಣೆ

(ಅಣ್ಣಿಗೇರಿ ತಾಲ್ಲೂಕಿನ ಗ್ರಾಮ ಪಂಚಾಯತಿ ಸದಸ್ಯರಿಗೆ ನೀಡಿದ ಉಪನ್ಯಾಸ)



ಮೋಟಾರ್ ನ್ಯೂರಾನ್ ರೋಗವು ಸ್ನಾಯುಗಳನ್ನು ನಡೆಸುವ ನರಕೋಶಗಳನ್ನು ಕ್ರಮೇಣ ನಾಶಗೊಳಿಸುತ್ತದೆ. ಕೈಕಾಲು ಸೋಲುತ್ತವೆ, ಅನೇಕರಲ್ಲಿ ಮಾತೂ ನಿಲ್ಲುತ್ತದೆ. ಆದರೆ ನೋವಿನ ಅರಿವು ಸಾಮಾನ್ಯವಾಗಿ ಉಳಿದಿರುತ್ತದೆ. ಅಲುಗಾಡದ ದೇಹಕ್ಕೆ ನೋವಿಲ್ಲವೆಂದು ಭಾವಿಸುವುದು ಸಲ್ಲದು.

ಸ್ನಾಯುಗಳ ಸೆಳೆತ ಮತ್ತು ಬಿಗಿತ, ಕೀಲುಗಳ ಪೆಡಸುತನ, ಒಂದೇ ಮಗ್ಗುಲಲ್ಲಿ ಮಲಗಿದಾಗ ಚರ್ಮದ ಮೇಲಾಗುವ ಒತ್ತಡ, ಇವೇ ನೋವಿನ ಮುಖ್ಯ ಕಾರಣಗಳು. ಆದುದರಿಂದ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕೀಲುಗಳನ್ನು ನಿತ್ಯವೂ ಮೆಲ್ಲಗೆ ಆಡಿಸಬೇಕು. ಬಲಗುಂದಿದ ತೋಳನ್ನು ಹಿಡಿದೆಳೆದು ಎಬ್ಬಿಸಬಾರದು. ಮಾತು ನಿಂತವರಿಗೆ, ಹೌದೆಂದಾದರೆ ಕಣ್ಣು ಮಿಟುಕಿಸುವಂತೆ ತಿಳಿಸಿ, ನೋಯುವ ಜಾಗವನ್ನು ಒಂದೊಂದಾಗಿ ಕೇಳಬೇಕು.

ವೈದ್ಯರು ಬಿಗಿತಕ್ಕೆ ಬ್ಯಾಕ್ಲೋಫೆನ್, ತೀವ್ರ ನೋವಿಗೆ ಮಾರ್ಫಿನ್ ನೀಡುವುದುಂಟು. ಮಾದಕ ವಸ್ತು ಕಾಯ್ದೆಯ 2014ರ ತಿದ್ದುಪಡಿಯು ಚಿಕಿತ್ಸೆಗಾಗಿ ಮಾರ್ಫಿನ್ ಒದಗಿಸುವ ನಿಯಮಗಳನ್ನು ಸರಳಗೊಳಿಸಿದೆ. ಚಟದ ಭಯದಿಂದ, ವೈದ್ಯರು ಬರೆದುಕೊಟ್ಟ ಔಷಧವನ್ನು ತಡೆಯುವುದು ತರವಲ್ಲ.

ಪಂಚಾಯತಿಯು ಮಾಡಬೇಕಾದುದೇನು? ಆಶಾ ಕಾರ್ಯಕರ್ತೆಯರು ಹಾಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ ಇಂತಹ ಮನೆಗಳನ್ನು ಗುರುತಿಸಿ, ರೋಗಿಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಿಂದೆ ಕಿಮ್ಸ್ ಎನಿಸಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐ‌ವರೆಗೆ ಚಿಕಿತ್ಸೆಗೆ ತಲುಪಿಸುವುದು. ವಿಕಲಚೇತನರಿಗಾಗಿ ಮೀಸಲಾದ ಶೇ. 5ರ ಅನುದಾನದಿಂದ, ನಿಯಮಾನುಸಾರ, ಗಾಳಿಹಾಸಿಗೆ ಹಾಗೂ ಗಾಲಿಕುರ್ಚಿ ಒದಗಿಸುವುದು. ಅರ್ಹರಿಗೆ ಯುಡಿಐಡಿ ಕಾರ್ಡ್ ಮಾಡಿಸಿಕೊಡುವುದು.

ಈ ರೋಗವನ್ನು ಸಂಪೂರ್ಣ ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದರೆ ನೋವನ್ನು ತಗ್ಗಿಸುವ ದಾರಿಗಳು ಇವೆ. ಕೇಳಲು ದನಿಯಿಲ್ಲದವರ ಪರವಾಗಿ ಮುಂದಿನ ಸಭೆಯಲ್ಲಿ ತಾವೇ ಈ ವಿಷಯವನ್ನು ಮಂಡಿಸಬೇಕೆಂದು ವಿನಂತಿಸುತ್ತೇನೆ.